ಕಾಲು ಶತಮಾನ ಬಾಳಿದ ಕಂಪನಿ, ನಾಡಿಗೆ ಉಳಿದ ದಾರಿ
(ಸದರ್ನ್ ಮರಾಠಾ ರೈಲ್ವೆಯ ಒಂದು ಸ್ಮರಣೆ)

ಒಂದು ಸಮಾಜದ ಚರಿತ್ರೆಯನ್ನು ಬರೆಯಹೊರಟಾಗ ನಾವು ಸಾಮಾನ್ಯವಾಗಿ ಅರಸರನ್ನು, ಗುರುಗಳನ್ನು, ದಾನಿಗಳನ್ನು, ಮಠಮಾನ್ಯಗಳನ್ನು ನೆನೆಯುತ್ತೇವೆ. ಅವರೆಲ್ಲರೂ ನಡೆದಾಡಿದ ದಾರಿಯನ್ನು ನೆನೆಯುವುದು ಅಪರೂಪ. ದಾರಿ ಇಲ್ಲದಿದ್ದರೆ ಗುರುವಿನ ಮಾತು ಪಕ್ಕದ ಊರನ್ನು ಮುಟ್ಟುವುದಿಲ್ಲ, ದಾನಿಯ ಧಾನ್ಯ ಹಸಿದವನ ಬಾಯಿಗೆ ಬೀಳುವುದಿಲ್ಲ. ಕನ್ನಡ ನಾಡಿನ ವೀರಶೈವ ಲಿಂಗಾಯತ ಸಮಾಜವು ಕಳೆದ ಶತಮಾನದ ಆರಂಭದಲ್ಲಿ ವಿದ್ಯೆಯಲ್ಲಿಯೂ ಸಂಘಟನೆಯಲ್ಲಿಯೂ ಹೊಸ ಚೈತನ್ಯವನ್ನು ಪಡೆಯಿತು. ಆ ಚೈತನ್ಯದ ಹಿಂದೆ ಪೂಜ್ಯರ ತಪಸ್ಸೂ ಮಹನೀಯರ ತ್ಯಾಗವೂ ಇದ್ದವೆಂಬುದನ್ನು ಎಲ್ಲರೂ ಬಲ್ಲರು. ಅದರ ಹಿಂದೆ ಒಂದು ಜೊತೆ ಕಬ್ಬಿಣದ ಹಳಿಯೂ ಇತ್ತೆಂಬುದನ್ನು ಬಲ್ಲವರು ಕಡಿಮೆ.

ಆ ಹಳಿಯನ್ನು ಹಾಸಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಅದು 1882ರಲ್ಲಿ ಹುಟ್ಟಿತು. 1908ರ ಆರಂಭದಲ್ಲಿ ಬೇರೊಂದು ದೊಡ್ಡ ಕಂಪನಿಯ ಹೆಸರಿನಲ್ಲಿ ಕರಗಿತು. ಸ್ವತಂತ್ರವಾಗಿ ಬಾಳಿದ್ದು ಕಾಲು ಶತಮಾನ ಮಾತ್ರ. ಸಂಸ್ಥೆಗಳ ಲೆಕ್ಕದಲ್ಲಿ ಇದು ಅಲ್ಪಾಯುಷ್ಯವೇ ಸರಿ. ಆದರೆ ಆ ಅವಧಿಯಲ್ಲಿ ಅದು ಮಾಡಿಟ್ಟು ಹೋದ ಕೆಲಸವು ನಾಡಿನ ರೂಪವನ್ನೇ ಬದಲಿಸಿತು. ಆ ಕಥೆಯನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಧಾತು-ಈಶ್ವರ ಸಂವತ್ಸರದ ಬರ

ಈ ಕಂಪನಿಯ ತಾಯಿ ಬರಗಾಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಮಹಾಕ್ಷಾಮವನ್ನು ನಮ್ಮ ಹಿರಿಯರು ‘ಧಾತು-ಈಶ್ವರದ ಬರ’ವೆಂದು ಕರೆಯುತ್ತಿದ್ದರು. ಮೈಸೂರು ರಾಜ್ಯದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿತ್ತು. ಹತ್ತು ವರ್ಷಗಳ ನಂತರ, 1881ರ ಗಣತಿಯಲ್ಲಿ, ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳ ಸ್ಥಿತಿಯೂ ಇಷ್ಟೇ ಘೋರವಾಗಿತ್ತು.

ಈ ಬರದಲ್ಲಿ ಎದ್ದು ಕಂಡ ಸಂಗತಿಯೊಂದಿದೆ. ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದು ಹೇಳಲು ಬರುವಂತಿರಲಿಲ್ಲ. ಮದ್ರಾಸಿನಿಂದ ಬೆಂಗಳೂರು ದಂಡಿನವರೆಗೆ 1864ರಲ್ಲಿಯೇ ರೈಲು ಬಂದಿತ್ತು; ಅತ್ತ ಬಳ್ಳಾರಿಗೂ 1871ರಲ್ಲಿ ಹಳಿ ಮುಟ್ಟಿತ್ತು. ಬಂದರಿಗೆ ಹಡಗಿನಲ್ಲಿ ಬಂದ ಅಕ್ಕಿ ರೈಲಿನ ಕೊನೆಯ ನಿಲ್ದಾಣದವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಹಳ್ಳಿಗಳಿಗೆ ಒಯ್ಯಬೇಕಾದದ್ದು ಎತ್ತಿನ ಬಂಡಿ. ಮೇವು ನೀರಿಲ್ಲದೆ ಎತ್ತುಗಳೇ ಸತ್ತುಹೋಗಿದ್ದವು. ಮೂಟೆಗಳು ನಿಲ್ದಾಣದಲ್ಲಿ ರಾಶಿ ಬಿದ್ದಿರುವಾಗ ಕೆಲವೇ ಹರದಾರಿಗಳಾಚೆ ಜನ ಹಸಿವಿನಿಂದ ಪ್ರಾಣ ಬಿಟ್ಟರು. ಅನ್ನಕ್ಕೂ ಹಸಿವಿಗೂ ನಡುವೆ ದಾರಿ ಇರಲಿಲ್ಲ.

ಈ ಕಾರಣದಿಂದಲೇ ಬೆಂಗಳೂರು-ಮೈಸೂರು ರೈಲುದಾರಿಯ ಮಣ್ಣಿನ ಕೆಲಸವನ್ನು ಕ್ಷಾಮ ಪರಿಹಾರಕ್ಕಾಗಿ ಆರಂಭಿಸಲಾಯಿತು. ಹಸಿದ ಹೆಂಗಸರೂ ಗಂಡಸರೂ ಮಣ್ಣು ಹೊತ್ತು ಏರಿ ಕಟ್ಟಿದರು. ಆ ದಾರಿ 1882ರ ಫೆಬ್ರವರಿಯಲ್ಲಿ ಮೈಸೂರನ್ನು ಮುಟ್ಟಿತು. ಬರದ ಕಾರಣಗಳನ್ನು ವಿಚಾರಿಸಲು ನೇಮಕವಾದ ಆಯೋಗವು 1880ರಲ್ಲಿ ವರದಿಯನ್ನು ಒಪ್ಪಿಸಿ, ಕ್ಷಾಮಪೀಡಿತ ಪ್ರದೇಶಗಳಲ್ಲಿ ರೈಲುದಾರಿಗಳನ್ನು ಬೇಗನೆ ನಿರ್ಮಿಸಬೇಕೆಂದು ಸಲಹೆ ಮಾಡಿತು. ಆ ಸಲಹೆಯ ಫಲವಾಗಿ ಮೂಡಿದ ಕಂಪನಿಗಳಲ್ಲಿ ಸದರ್ನ್ ಮರಾಠಾ ರೈಲ್ವೆ ಒಂದು.

ಹೆಸರಿನಲ್ಲಿಲ್ಲದ ಕನ್ನಡ

ಕಂಪನಿಯ ಹೆಸರನ್ನು ಕೇಳಿದ ಇಂದಿನ ತರುಣರಿಗೆ ಆಶ್ಚರ್ಯವಾಗಬಹುದು. ಅದು ಹಳಿ ಹಾಸಿದ ಊರುಗಳು ವಿಜಾಪುರ, ಬಾಗಲಕೋಟೆ, ಬಾದಾಮಿ, ಗದಗ, ಹುಬ್ಬಳ್ಳಿ, ಧಾರವಾಡ. ಎಲ್ಲವೂ ಅಚ್ಚಗನ್ನಡ ನೆಲ. ಆದರೆ 1818ರಲ್ಲಿ ಪೇಶ್ವೆಯರಿಂದ ಈ ಪ್ರಾಂತವನ್ನು ಗೆದ್ದುಕೊಂಡ ಆಂಗ್ಲರು ಅದನ್ನು ‘ದಕ್ಷಿಣ ಮರಾಠಾ ದೇಶ’ವೆಂದು ಕರೆದರು. ಆಳುವವರ ಕಾಗದದಲ್ಲಿ ಬಿದ್ದ ಹೆಸರು ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಈ ಭಾಗದ ಶಾಲೆಗಳಲ್ಲಿ ಮರಾಠಿಯ ಸ್ಥಾನದಲ್ಲಿ ಕನ್ನಡವನ್ನು ನೆಲೆಗೊಳಿಸಲು ಜೀವ ತೇಯ್ದ ಡೆಪ್ಯುಟಿ ಚನ್ನಬಸಪ್ಪನವರು 1881ರಲ್ಲಿ ಲಿಂಗೈಕ್ಯರಾದರು. ಮರುವರ್ಷವೇ ಹುಟ್ಟಿದ ಕಂಪನಿಯು ಕನ್ನಡ ನಾಡಿನ ಮೇಲೆ ಓಡುವ ಗಾಡಿಗೆ ಮರಾಠರ ಹೆಸರನ್ನಿಟ್ಟಿತು.

ಕಂಪನಿಯ ಬಂಡವಾಳ ಲಂಡನ್ನಿನದು. ಷೇರುದಾರರು ಈ ನೆಲವನ್ನು ಕಂಡವರಲ್ಲ. ಅವರು ಹೂಡಿದ ಹಣಕ್ಕೆ ನಿಗದಿಯಾದ ಬಡ್ಡಿ ತಪ್ಪದೆ ಸಲ್ಲುವುದೆಂದು ಸರ್ಕಾರವು ಖಾತರಿ ಕೊಟ್ಟಿತ್ತು. ಮಳೆ ಬರಲಿ ಬಾರದಿರಲಿ, ಗಾಡಿ ತುಂಬಲಿ ತುಂಬದಿರಲಿ, ಬಡ್ಡಿ ನಿಲ್ಲುವಂತಿರಲಿಲ್ಲ. ಆ ಬಡ್ಡಿ ಕೊನೆಗೆ ಹೊರಡುವುದು ರೈತನು ಕೊಟ್ಟ ಕಂದಾಯದಿಂದಲೇ. ಹಸಿದವರಿಗಾಗಿ ಹಾಸಿದ ದಾರಿಯ ಮೇಲೆ ಉಳ್ಳವರಿಗೆ ನಷ್ಟದ ಭಯವಿಲ್ಲದ ಲಾಭ ಹರಿಯಿತು. ಈ ವೈಪರೀತ್ಯವನ್ನು ದಾದಾಭಾಯಿ ನವರೋಜಿಯವರಂತಹ ಆ ಕಾಲದ ದೇಶಾಭಿಮಾನಿಗಳು ಎತ್ತಿ ತೋರಿಸಿದ್ದರು. ಕಾಯಕದ ಫಲವು ಕಾಯಕ ಮಾಡಿದವನಿಗೆ ಸಲ್ಲಬೇಕೆಂದು ಬಗೆಯುವ ನಮಗೆ ಈ ಸಂಗತಿ ಇಂದಿಗೂ ಚಿಂತನೆಗೆ ಅರ್ಹ.

ಮೈಸೂರು ಸೀಮೆಯಲ್ಲಿ ಕಂಪನಿ

ಮೈಸೂರು ರಾಜ್ಯವು ಮೊದಲಲ್ಲಿ ತನ್ನ ಸ್ವಂತ ಹಣದಿಂದಲೇ ಹಳಿ ಹಾಸಿತು. ಮೈಸೂರಿನಿಂದ ಬೆಂಗಳೂರು, ತುಮಕೂರುಗಳ ಮಾರ್ಗವಾಗಿ ಗುಬ್ಬಿಯವರೆಗೆ ಸುಮಾರು 140 ಮೈಲಿಗಳ ದಾರಿ ಹೀಗೆ ಸಿದ್ಧವಾಯಿತು. ಮುಂದೆ ಹರಿಹರದವರೆಗೆ ಒಯ್ಯಲು ಬೊಕ್ಕಸದಲ್ಲಿ ಹಣವಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ರಾಜ್ಯವು ಸದರ್ನ್ ಮರಾಠಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಕಂಪನಿಯು ಇಂಗ್ಲೆಂಡಿನಲ್ಲಿ ಶೇಕಡಾ 4ರ ಬಡ್ಡಿಗೆ 12 ಲಕ್ಷ ಪೌಂಡುಗಳ ಸಾಲವನ್ನೆತ್ತಿತು. ಆಗಲೇ ಸಿದ್ಧವಾಗಿದ್ದ ದಾರಿಯೂ ಹೊಸ ದಾರಿಯೂ ಕಂಪನಿಯ ಆಡಳಿತಕ್ಕೆ ಸೇರಿದವು.

1889ರಲ್ಲಿ ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ದಾವಣಗೆರೆಗಳನ್ನು ಹಾದು ಹಳಿಯು ಹರಿಹರದಲ್ಲಿ ತುಂಗಭದ್ರೆಯ ದಂಡೆಯನ್ನು ಕಂಡಿತು. ಅತ್ತಲಿಂದ ಹುಬ್ಬಳ್ಳಿಯ ಹಳಿ ಆಗಲೇ ಬಂದು ಕಾದಿತ್ತು. ಮೈಸೂರಿಗೂ ಮುಂಬಯಿ ಪ್ರಾಂತಕ್ಕೂ ಗಡಿಯಾಗಿದ್ದ ಆ ಹೊಳೆಯ ಮೇಲೆ ಎರಡು ಸೀಮೆಗಳ ಕನ್ನಡಿಗರು ಒಂದೇ ಗಾಡಿಯಲ್ಲಿ ದಾಟತೊಡಗಿದರು. 1890ರ ವೇಳೆಗೆ ಬೆಳಗಾವಿಯ ಮೇಲೆ ಪುಣೆಯವರೆಗೂ ಅದೇ ಅಳತೆಯ ಹಳಿ ಸಿದ್ಧವಾಗಿತ್ತು. 1891ರಲ್ಲಿ ನಂಜನಗೂಡಿಗೂ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೂ ರೈಲು ಬಂದಿತು.

ನಾಲ್ಕು ಆಡಳಿತಗಳು, ಒಂದು ಹಳಿ

ಅಂದಿನ ಕನ್ನಡ ನಾಡು ಹರಿದ ಬಟ್ಟೆಯಂತಿತ್ತು. ಧಾರವಾಡ, ವಿಜಾಪುರ, ಬೆಳಗಾವಿಗಳು ಮುಂಬಯಿಗೆ ಸೇರಿದ್ದವು. ಬಳ್ಳಾರಿ, ಹೊಸಪೇಟೆಗಳು ಮದ್ರಾಸಿಗೆ. ಕೊಪ್ಪಳ ನಿಜಾಮರಿಗೆ. ತುಂಗಭದ್ರೆಯ ತೆಂಕಣ ಭಾಗ ಮೈಸೂರು ಒಡೆಯರಿಗೆ. ಇವುಗಳ ನಡುನಡುವೆ ಚಿಕ್ಕಪುಟ್ಟ ಸಂಸ್ಥಾನಗಳು. ಒಂದೊಂದಕ್ಕೂ ಬೇರೆ ಕಾನೂನು, ಬೇರೆ ಕಚೇರಿ ಭಾಷೆ, ಬೇರೆ ಪಠ್ಯಪುಸ್ತಕ. ಈ ಎಲ್ಲ ತುಂಡುಗಳನ್ನೂ ಹಾದುಹೋದದ್ದು ಸದರ್ನ್ ಮರಾಠಾ ಕಂಪನಿಯ ಹಳಿ. ಹೊಟಗಿಯಿಂದ ವಿಜಾಪುರದ ಮೇಲೆ ಗದಗಕ್ಕೆ, ಬಳ್ಳಾರಿಯಿಂದ ಕೊಪ್ಪಳದ ಮೇಲೆ ಗದಗಕ್ಕೆ, ಗದಗದಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಒಂದು ಕವಲು ಹರಿಹರ ಬೆಂಗಳೂರುಗಳಿಗೆ, ಇನ್ನೊಂದು ಕವಲು ಧಾರವಾಡ ಲೋಂಡಾಗಳಿಗೆ.

1956ರ ನವೆಂಬರ್ 1ರಂದು ಆದ ಏಕೀಕರಣದ ನಕಾಶೆಯನ್ನು ಈ ಹಳಿಯ ನಕಾಶೆಯ ಪಕ್ಕದಲ್ಲಿಟ್ಟು ನೋಡಬೇಕು. ಒಡೆದ ಭಾಗಗಳನ್ನು ಹೊಲಿದ ದಾರದಂತೆ ಅದು ಕಾಣುತ್ತದೆ. ಲಂಡನ್ನಿನ ಷೇರುದಾರರು ಇದನ್ನು ಬಯಸಿರಲಿಲ್ಲ, ಊಹಿಸಿಯೂ ಇರಲಿಲ್ಲ. ಏಕೀಕರಣವನ್ನು ಸಾಧಿಸಿದ್ದು ನಾಡಿಗರ ಹೋರಾಟವೇ ಹೊರತು ಹಳಿಯಲ್ಲ. ಆದರೆ ಧಾರವಾಡದ ವಕೀಲನೂ ಬೆಂಗಳೂರಿನ ವರ್ತಕನೂ ಬಳ್ಳಾರಿಯ ಪಂಡಿತನೂ ಒಂದೆಡೆ ಕುಳಿತು ಮಾತನಾಡುವುದು ಹಳಿಯಿಂದ ಸಾಧ್ಯವಾಯಿತು.

ನಮ್ಮ ಸಮಾಜ ಕಂಡ ಫಲ

ಧಾರವಾಡದಲ್ಲಿ 1883ರಲ್ಲಿ ಗಿಲಗಂಚಿ ಗುರುಸಿದ್ದಪ್ಪನವರು, ಅರಟಾಳ ರುದ್ರಗೌಡರು ಮುಂತಾದ ಮಹನೀಯರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1904ರಲ್ಲಿ ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಪ್ರೇರಣೆಯಿಂದ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನವು ಅದೇ ಧಾರವಾಡದಲ್ಲಿ ಸಿರಸಂಗಿ ಲಿಂಗರಾಜರ ಅಧ್ಯಕ್ಷತೆಯಲ್ಲಿ ನೆರವೇರಿತು. ಮರುವರ್ಷದ ಅಧಿವೇಶನ ಬೆಂಗಳೂರಿನಲ್ಲಿ. ಈ ಎರಡು ಊರುಗಳನ್ನು ಜೋಡಿಸಿದ್ದ ಹಳಿ ಅಂದು ಒಂದೇ ಕಂಪನಿಯ ಆಡಳಿತದಲ್ಲಿತ್ತು. ಇಪ್ಪತ್ತು ವರ್ಷಗಳ ಹಿಂದೆ ಈ ಪ್ರಯಾಣ ವಾರಗಟ್ಟಲೆಯ ಮಾತಾಗಿತ್ತು.

1909ರಲ್ಲಿ ಕುಮಾರ ಮಹಾಸ್ವಾಮಿಗಳು ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅದು ಬಾದಾಮಿಗೆ ಸಮೀಪ. ಬಾದಾಮಿ ಹೊಟಗಿ-ಗದಗ ಮಾರ್ಗದ ಮೇಲಿದೆ. ಮೈಸೂರು ಸೀಮೆಯ ವಟುಗಳು ಅಲ್ಲಿಗೆ ಹೋಗಿ ಕಲಿತು, ಮರಳಿ ತಮ್ಮ ತಮ್ಮ ಮಠಗಳಿಗೆ ಸ್ವಾಮಿಗಳಾಗಿ ಬರಲು ಈ ದಾರಿ ನೆರವಾಯಿತು. ಮಠದ ವಿದ್ಯಾಭ್ಯಾಸಕ್ಕಾಗಿ ನಾವೂ ತಾರುಣ್ಯದಲ್ಲಿ ಅರಸೀಕೆರೆಯಲ್ಲಿ ಗಾಡಿ ಬದಲಿಸಿ ಹುಬ್ಬಳ್ಳಿ, ಗದಗಗಳ ಕಡೆಗೆ ಪ್ರಯಾಣ ಮಾಡಿದ್ದುಂಟು. ಆಗಲೂ ಅದು ಮೀಟರ್ ಗೇಜಿನ ಕಿರಿದಾದ ಹಳಿಯೇ. ಕಂಪನಿಯ ಕಾಲದ ಕಲ್ಲಿನ ನಿಲ್ದಾಣಗಳು ಹಾಗೆಯೇ ನಿಂತಿದ್ದವು.

ವ್ಯಾಪಾರದ ಮಾತು ಇನ್ನೂ ದೊಡ್ಡದು. ಹುಬ್ಬಳ್ಳಿ ಗದಗಗಳ ಹತ್ತಿಯು ಮುಂಬಯಿಗೂ ಮರ್ಮಗೋವಾ ಬಂದರಿಗೂ ಗಾಡಿಯೇರಿತು. ತಿಪಟೂರು ಅರಸೀಕೆರೆಗಳ ಕೊಬ್ಬರಿಗೆ ದೂರದ ಗಿರಾಕಿಗಳು ದೊರೆತರು. ದಾವಣಗೆರೆಯು ದೊಡ್ಡ ವ್ಯಾಪಾರದ ಪೇಟೆಯಾಗಿ ಬೆಳೆಯಿತು. ಈ ಪೇಟೆಗಳಲ್ಲಿ ಗಳಿಸಿದ ನಮ್ಮ ವರ್ತಕರು ಗಳಿಕೆಯ ಒಂದು ಪಾಲನ್ನು ಉಚಿತ ಪ್ರಸಾದ ನಿಲಯಗಳಿಗೂ ಶಾಲೆಗಳಿಗೂ ಕೊಟ್ಟರು. ಹಳ್ಳಿಯ ಬಡ ಹುಡುಗನು ರೈಲು ಹತ್ತಿ ಪಟ್ಟಣಕ್ಕೆ ಬಂದಾಗ ಅವನಿಗೆ ಮಲಗಲು ಮಠದ ಜಗಲಿಯೂ ಉಣ್ಣಲು ದಾಸೋಹದ ಅನ್ನವೂ ಕಾದಿದ್ದವು. ಹಳಿಯೊಂದೇ ಇದ್ದಿದ್ದರೆ ಅವನು ಪಟ್ಟಣದಲ್ಲಿ ಕೂಲಿಯಾಗುತ್ತಿದ್ದನು. ದಾಸೋಹವೂ ಜೊತೆಗಿದ್ದುದರಿಂದ ವಿದ್ಯಾವಂತನಾದನು.

ಕಲೆಯನ್ನೂ ಮರೆಯುವಂತಿಲ್ಲ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಗುಬ್ಬಿಯ ಕಡೆಗೆ ಹಳಿ ಬಂದದ್ದೂ ಆ ಸುಮಾರಿನಲ್ಲಿಯೇ. ಪರದೆ, ಪೆಟ್ಟಿಗೆ, ದೀಪಗಳನ್ನು ಗಾಡಿಗೆ ತುಂಬಿ ಊರಿಂದೂರಿಗೆ ಸಾಗುವ ನಾಟಕ ಕಂಪನಿಗಳ ಯುಗವು ರೈಲಿನ ಯುಗದೊಡನೆ ಹೆಜ್ಜೆ ಹಾಕಿತು.

ಇನ್ನೊಂದು ಸೂಕ್ಷ್ಮ ಸಂಗತಿ. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಒಂದೇ ಹಲಗೆಯ ಮೇಲೆ ಎಲ್ಲ ಕುಲದವರೂ ತೊಡೆಗೆ ತೊಡೆ ತಾಗಿಸಿ ಕೂರಬೇಕಾಯಿತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಅನುಭವ ಮಂಟಪದಲ್ಲಿ ಅರಿವಿನಿಂದ ಸಾಧಿಸಿದ್ದನ್ನು ಇಲ್ಲಿ ಟಿಕೆಟಿನ ಬಲವಂತ ಸ್ವಲ್ಪಮಟ್ಟಿಗೆ ಮಾಡಿಸಿತು. ಬಲವಂತದ ಸಮಾನತೆಯು ಗಾಡಿಯಿಂದ ಇಳಿದೊಡನೆ ಮರೆತುಹೋಗಬಹುದು; ಅರಿವಿನದು ಮನೆಯವರೆಗೂ ಬರುತ್ತದೆ. ಈ ಅಂತರವನ್ನು ನಾವು ಗಮನಿಸಬೇಕು.

ಹಳಿ ತಂದ ಕೇಡು

ಚರಿತ್ರೆಯನ್ನು ಹೇಳುವವನು ಒಂದೇ ತಟ್ಟೆಯನ್ನು ತೂಗಬಾರದು. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿಯು ಹೇರೆತ್ತುಗಳ ಮೇಲೆ, ಬಂಡಿಗಳ ಮೇಲೆ ಘಟ್ಟವಿಳಿದು ಕುಮಟೆಗೆ ಹೋಗುತ್ತಿತ್ತು. ಮುಂಬಯಿ ಪೇಟೆಯಲ್ಲಿ ಈ ಸೀಮೆಯ ಹತ್ತಿಗೆ ‘ಕುಮಟಾ’ ಎಂಬ ಹೆಸರೇ ಬಿದ್ದಿತ್ತು. ಮರ್ಮಗೋವೆಗೆ 1888ರಲ್ಲಿ ರೈಲು ಓಡತೊಡಗಿದ ಮೇಲೆ ಕುಮಟೆಯ ಬಂದರು ಸೊರಗಿತು. ಹೇರು ಹೊಡೆದು ಬದುಕುತ್ತಿದ್ದವರು, ಘಟ್ಟದ ದಾರಿಯಲ್ಲಿ ಬಂಡಿಗಳಿಗೆ ತಂಗುದಾಣ ಇಟ್ಟುಕೊಂಡವರು ಜೀವನೋಪಾಯ ಕಳೆದುಕೊಂಡರು.

ರೋಗವೂ ರೈಲು ಹತ್ತಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿದ ಪ್ಲೇಗು ಹುಬ್ಬಳ್ಳಿಯನ್ನು ಹಿಡಿಯಿತು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುದಾರಿಯ ಮೂಲಕವೇ ಅದು ಬೆಂಗಳೂರನ್ನು ಹೊಕ್ಕು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುವ ಕ್ರಮ ಬಂದಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಗಾಳಿ ಬೆಳಕಿನ ಅಗಲ ಬೀದಿಗಳೊಡನೆ ಬೆಳೆದದ್ದು ಆ ಪಿಡುಗಿನ ಕಾಲದ ನೆನಪಾಗಿಯೇ.

ಧಾನ್ಯದ ವಿಷಯದಲ್ಲಿಯೂ ಎರಡು ಮಾತಿದೆ. 1896-97ರಲ್ಲಿಯೂ 1899-1900ರಲ್ಲಿಯೂ ಮತ್ತೆ ಬರ ಬಂದಾಗ ರೈಲು ಧಾನ್ಯವನ್ನು ಒಳನಾಡಿಗೆ ತಂದಿತು. ಆದರೆ ಒಳ್ಳೆಯ ಬೆಳೆಯಾದ ವರ್ಷ ಹಗೇವಿನ ಜೋಳವನ್ನು ದೂರದ ಪೇಟೆಗೆ ಹೊರಿಸಿದ್ದೂ ಅದೇ ರೈಲು. ಹಗೇವಿನಲ್ಲಿ ನಾಲ್ಕಾರು ವರ್ಷದ ಜೋಳವನ್ನು ಕೂಡಿಡುತ್ತಿದ್ದ ಹಳ್ಳಿಯ ಹಳೆಯ ಪದ್ಧತಿ ಕ್ರಮೇಣ ಸಡಿಲವಾಯಿತು. ದಾರಿಯು ಕೊಡಬಲ್ಲದು, ಕೊಂಡೊಯ್ಯಲೂ ಬಲ್ಲದು.

ಕಂಪನಿಯ ಕೊನೆ, ಕಟ್ಟಡದ ಪುನರ್ಜನ್ಮ

1907ರ ಅಂತ್ಯಕ್ಕೆ ಹಳೆಯ ಮದ್ರಾಸ್ ರೈಲ್ವೆ ಕಂಪನಿಯ ಕರಾರು ಮುಗಿಯಿತು. ಅದರ ಮಾರ್ಗಗಳ ದೊಡ್ಡ ಭಾಗವು ನಮ್ಮ ಕಂಪನಿಯೊಡನೆ ಸೇರಿ 1908ರಲ್ಲಿ ‘ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ’ಯಾಯಿತು. ಮುಖ್ಯ ಕಚೇರಿ ಧಾರವಾಡದಿಂದ ಮದ್ರಾಸಿಗೆ ಹೋಯಿತು. ಧಾರವಾಡದ ಗುಡ್ಡದ ಮೇಲಿನ ಭವ್ಯವಾದ ಕಚೇರಿ ಬರಿದಾಯಿತು.

ಆ ಬರಿದಾದ ಕಟ್ಟಡವೇ ನಾಡಿನ ಭಾಗ್ಯವಾಯಿತು. ಈ ಭಾಗದ ಹುಡುಗರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿದ್ದ ಕಾಲವದು. ರೊದ್ದ ಶ್ರೀನಿವಾಸರಾಯರೂ ಅರಟಾಳ ರುದ್ರಗೌಡರೂ ಊರೂರು ತಿರುಗಿ ನಿಧಿ ಕೂಡಿಸಿದರು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಅದು ನೆಲೆ ನಿಂತದ್ದು ರೈಲ್ವೆಯ ಆ ಹಳೆಯ ಕಚೇರಿಯಲ್ಲಿಯೇ. ಡಿ.ಸಿ. ಪಾವಟೆಯವರಂತಹ ಮೇಧಾವಿಗಳು ಅಲ್ಲಿ ಓದಿದವರು. ಹೆಸರಿನಲ್ಲಿ ಕನ್ನಡವನ್ನು ಒಪ್ಪದಿದ್ದ ಕಂಪನಿಯ ಮನೆಯ ಮೇಲೆ ಕೊನೆಗೆ ‘ಕರ್ನಾಟಕ’ ಎಂಬ ಹೆಸರೇ ಏರಿತು.

ಹಳಿಗಳ ಒಡೆತನ ಮಾತ್ರ ಮತ್ತೆ ಮತ್ತೆ ಬದಲಾಯಿತು. ಮೈಸೂರು ರಾಜ್ಯವು 1919ರಲ್ಲಿ ತನ್ನ ಕೆಲವು ಮಾರ್ಗಗಳನ್ನೂ 1938ರಲ್ಲಿ ಬೆಂಗಳೂರು-ಹರಿಹರ ಮಾರ್ಗವನ್ನೂ ಮರಳಿ ತನ್ನ ಆಡಳಿತಕ್ಕೆ ಪಡೆಯಿತು. 1944ರಲ್ಲಿ ಭಾರತ ಸರ್ಕಾರ ಕಂಪನಿಯನ್ನೇ ವಹಿಸಿಕೊಂಡಿತು. 1951ರಲ್ಲಿ ಎಲ್ಲವೂ ದಕ್ಷಿಣ ರೈಲ್ವೆಯಲ್ಲಿ ಸೇರಿದವು. ಕನ್ನಡಿಗರ ಬಹುಕಾಲದ ಬೇಡಿಕೆಯಂತೆ 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈಋತ್ಯ ರೈಲ್ವೆ ವಲಯ ಆರಂಭವಾಯಿತು. ಧಾರವಾಡದಿಂದ ಹೊರಟುಹೋದ ರೈಲ್ವೆಯ ಮುಖ್ಯ ಕಚೇರಿಯು ಪಕ್ಕದ ಹುಬ್ಬಳ್ಳಿಗೆ ಮರಳಲು ತೊಂಬತ್ತೈದು ವರ್ಷಗಳು ಬೇಕಾದವು. ಕಂಪನಿಯು 1880ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ಕಾರ್ಯಾಗಾರ ಇಂದಿಗೂ ನಡೆದಿದೆ. 2020ರಲ್ಲಿ ಹುಬ್ಬಳ್ಳಿಯ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢರ ಹೆಸರನ್ನಿಡಲಾಯಿತು. ಅಲ್ಲಿ 2023ರಲ್ಲಿ ಉದ್ಘಾಟನೆಯಾದ 1507 ಮೀಟರುಗಳ ಪ್ಲಾಟ್‌ಫಾರಂ ಲೋಕದಲ್ಲಿಯೇ ಅತಿ ಉದ್ದದ್ದೆಂದು ಹೆಸರಾಗಿದೆ.

ನಮ್ಮ ಹಾಸನ ಸೀಮೆ

ನಾವು ಕಾವೇರಿ ತೀರದ ರಾಮನಾಥಪುರದವರು. ಅರಕಲಗೂಡು ತಾಲ್ಲೂಕಿನ ಈ ಕ್ಷೇತ್ರಕ್ಕೆ ಆ ಕಂಪನಿಯ ಹಳಿಯೂ ಬರಲಿಲ್ಲ, ಆಮೇಲಿನ ಹಳಿಯೂ ಬರಲಿಲ್ಲ. ಕಂಪನಿಯ ಕಾಲದಲ್ಲಿ ಇಡೀ ಹಾಸನ ಜಿಲ್ಲೆಗೆ ರೈಲೆಂದರೆ ಜಿಲ್ಲೆಯ ಬಡಗಣ ಅಂಚಿನ ಅರಸೀಕೆರೆ. ನಮ್ಮ ಕಡೆಯವರು ಅಲ್ಲಿಗೆ ಹೋಗಬೇಕಾದರೆ ಬುತ್ತಿ ಕಟ್ಟಿಕೊಂಡು ದಿನಗಟ್ಟಲೆ ಬಂಡಿಯಲ್ಲಿ ಸಾಗಬೇಕಾಗಿತ್ತು. ಹಾಸನ, ಹೊಳೆನರಸೀಪುರಗಳನ್ನು ಹಾದು ಅರಸೀಕೆರೆಯನ್ನೂ ಮೈಸೂರನ್ನೂ ಜೋಡಿಸುವ ದಾರಿಯನ್ನು 1910ರ ದಶಕದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ರಾಜ್ಯವು ತಾನೇ ನಿರ್ಮಿಸಿತು. ಹೊರಗಿನ ಕಂಪನಿಯ ಸಾಲ ಬಡ್ಡಿಗಳ ಭಾರವನ್ನು ಕಂಡುಂಡ ರಾಜ್ಯಕ್ಕೆ ತನ್ನ ದಾರಿಯನ್ನು ತಾನೇ ಹಾಸಿಕೊಳ್ಳುವ ಧೈರ್ಯ ಆಗ ಬಂದಿತ್ತು.

ಕಂಪನಿ ಕಟ್ಟಿ ಹಳಿ ಹಾಸುವ ಪದ್ಧತಿ ನಮ್ಮ ಕಾಲದಲ್ಲಿಯೂ ಮರಳಿ ಬಂದಿತು. ಹಾಸನ-ಮಂಗಳೂರು ಮಾರ್ಗವನ್ನು ಬ್ರಾಡ್ ಗೇಜಿಗೆ ಪರಿವರ್ತಿಸುವ ಕೆಲಸಕ್ಕಾಗಿ 2003ರಲ್ಲಿ ರಾಜ್ಯ ಸರ್ಕಾರವೂ ರೈಲ್ವೆ ಇಲಾಖೆಯೂ ಸೇರಿ ಪ್ರತ್ಯೇಕ ಕಂಪನಿಯೊಂದನ್ನು ರಚಿಸಿದವು. 2006ರಲ್ಲಿ ಸರಕು ಗಾಡಿಗಳೂ 2007ರ ಕೊನೆಗೆ ಪ್ರಯಾಣಿಕರ ಗಾಡಿಯೂ ಸಕಲೇಶಪುರದ ಘಟ್ಟವನ್ನು ಇಳಿದವು. ಹಿಂದಿನದಕ್ಕೂ ಇದಕ್ಕೂ ಇರುವ ಮುಖ್ಯ ಭೇದವೆಂದರೆ ಇದರ ಒಡೆತನದಲ್ಲಿ ನಾಡಿನ ಪಾಲಿದೆ.

ನಾವು ಕಲಿಯಬೇಕಾದದ್ದು

ಸದರ್ನ್ ಮರಾಠಾ ಕಂಪನಿಯ ನಿರ್ದೇಶಕರ ಹೆಸರುಗಳು ಇಂದು ಯಾರ ನೆನಪಿನಲ್ಲಿಯೂ ಇಲ್ಲ. ಅವರ ಷೇರು ಪತ್ರಗಳು ರದ್ದಿಯಾದವು. ಬರದ ಬೇಗೆಯಲ್ಲಿ ಮಣ್ಣು ಹೊತ್ತವರ ಹೆಸರುಗಳನ್ನಂತೂ ಯಾರೂ ಬರೆದಿಡಲೇ ಇಲ್ಲ. ಆದರೆ ಅವರು ಹೊತ್ತ ಮಣ್ಣಿನ ಏರಿಗಳ ಮೇಲೆ ಗಾಡಿಗಳು ಓಡುತ್ತಲೇ ಇವೆ. ಸಂಸ್ಥೆಯ ಆಯುಷ್ಯ ಬೇರೆ, ಕಾಯಕದ ಆಯುಷ್ಯ ಬೇರೆ.

ನಮ್ಮ ಸಮಾಜದಲ್ಲಿ ದಿನಕ್ಕೊಂದು ಸಂಘ ಹುಟ್ಟುತ್ತದೆ. ಕೆಲವು ಬಾಳುತ್ತವೆ, ಹಲವು ಅಳಿಯುತ್ತವೆ. ನಮ್ಮ ಸಂಘ ಎಷ್ಟು ವರ್ಷ ಉಳಿಯಿತು, ಯಾರು ಅಧ್ಯಕ್ಷರಾದರು ಎಂಬುದನ್ನೇ ಎಣಿಸುತ್ತ ಕೂರುವ ಬದಲು, ಅದು ಅಳಿದ ಮೇಲೂ ಜನರಿಗೆ ಉಳಿಯುವ ದಾರಿ ಯಾವುದು ಎಂದು ಕೇಳಿಕೊಳ್ಳುವುದು ಮೇಲು. ಖಾಲಿಯಾದ ಕಚೇರಿಯನ್ನು ಕಂಡು ನಿಟ್ಟುಸಿರು ಬಿಡದೆ ಅದನ್ನು ಕಾಲೇಜು ಮಾಡಿಕೊಂಡ ಹಿರಿಯರ ಬುದ್ಧಿವಂತಿಕೆಯೂ ನಮಗೆ ಬೇಕು.

ಬರುವ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅರಸೀಕೆರೆಯಿಂದ ಹುಬ್ಬಳ್ಳಿಯವರೆಗೆ ಹಗಲು ಗಾಡಿಯಲ್ಲಿ ಪ್ರಯಾಣ ಮಾಡಿರಿ. ಹರಿಹರದಲ್ಲಿ ತುಂಗಭದ್ರೆಯನ್ನು ದಾಟುವಾಗ ಒಂದು ಕಾಲದಲ್ಲಿ ಇದು ಎರಡು ಆಡಳಿತಗಳ ಗಡಿಯಾಗಿತ್ತೆಂದು ಹೇಳಿರಿ. ಈ ದಾರಿಗೆ ಮೊದಲ ಬುಟ್ಟಿ ಮಣ್ಣು ಹಾಕಿಸಿದ್ದು ಹಸಿವು ಎಂಬುದನ್ನೂ ಹೇಳಿರಿ. ಅನ್ನವನ್ನು ಚೆಲ್ಲದೆ ಉಣ್ಣುವ ಅಭ್ಯಾಸ ಅವರಿಗೆ ಆ ದಿನದಿಂದಲಾದರೂ ಬಂದೀತು.